ಆರು ಲಕ್ಷ ಕಣ್ಣಿನ ಡಾಕ್ಟ್ರು: ಬೀಳಗಿಯಿಂದ ಕಾರ್ಡ್ ರೋಡಿಗೆ

ಜಾಲಹಳ್ಳಿ ಕ್ರಾಸಿನಲ್ಲಿ ಮೆಟ್ರೋ ಹತ್ತಿ ಕೂತರೆ ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ, ಸೋಪ್ ಫ್ಯಾಕ್ಟರಿ ದಾಟಿ ಆರನೇ ನಿಲ್ದಾಣ ಮಹಾಲಕ್ಷ್ಮಿ. ಅಲ್ಲಿಂದ ಕಾರ್ಡ್ ರೋಡ್ ಹಿಡಿದು ಮುಂದೆ ಹೋದರೆ ಒಂದು ಬಸ್ ಸ್ಟಾಪು. ಕಂಡಕ್ಟರುಗಳ ಬಾಯಲ್ಲಿ ಅದು ಮೋದಿ ಆಸ್ಪತ್ರೆ. ಈಗಿನ ಹುಡುಗರು ಹೆಸರು ಕೇಳಿದೊಡನೆ ದಿಲ್ಲಿ ಕಡೆ ನೋಡ್ತಾರೆ. ದಿಲ್ಲಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇವರು ನಮ್ಮ ಬೀಳಗಿಯವರು. ಪೂರ್ತಿ ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ. ಊರೂರಲ್ಲಿ ಚಪ್ಪರ ಹಾಕಿಸಿ ಬಡವರ ಕಣ್ಣಿನ ಪೊರೆ ತೆಗೆದ ಡಾಕ್ಟರ್ ಎಂ.ಸಿ. ಮೋದಿ.

ಅರವತ್ತು ದಾಟಿದವರಿಗೆ ಈ ಪರಿಚಯ ಬೇಕಿಲ್ಲ. ಅವರ ಮನೆಯಲ್ಲೋ, ಪಕ್ಕದ ಮನೆಯಲ್ಲೋ ಮೋದಿ ಡಾಕ್ಟ್ರ ಕೈಯಲ್ಲಿ ಆಪರೇಷನ್ ಆದ ಒಂದು ಮುದಿ ಜೀವ ಇದ್ದೇ ಇತ್ತು. ಜಾಲಹಳ್ಳಿಯಂಥ ಕಡೆ ಇದು ಇನ್ನೂ ಹೆಚ್ಚು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದ ಮೇಲೆ ಕೆಲಸಕ್ಕೆಂದು ನಾಡಿನ ಮೂಲೆಮೂಲೆಯಿಂದ ಜನ ಬಂದರು. ಮಗನಿಗೆ ಕ್ವಾರ್ಟರ್ಸ್ ಸಿಕ್ಕಿತು ಅಂದ ಮೇಲೆ ಹಿಂದೆಯೇ ಅವ್ವ, ಅಪ್ಪ ಬಂದರು. ಬರುವಾಗ ಟ್ರಂಕಿನ ಜೊತೆ ಮುಖದ ಮೇಲೆ ಒಂದು ದಪ್ಪ ಗಾಜಿನ ಕನ್ನಡಕವನ್ನೂ ಹೊತ್ತು ಬಂದವರು ಬೇಕಾದಷ್ಟು. ಸೋಡಾಬುಡ್ಡಿ ಕನ್ನಡಕ ಅಂತ ಮೊಮ್ಮಕ್ಕಳು ಆಡಿಕೊಂಡು ನಗುತ್ತಿದ್ದುದು ಅದನ್ನೇ. ನಗೋ ವಿಷಯ ಅಲ್ಲ ಅದು. ಅದರ ಕಥೆ ಮುಂದೆ ಬರುತ್ತೆ.

ಮೋದಿಯವರು ಹುಟ್ಟಿದ್ದು 1916ರಲ್ಲಿ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆ, ಆಗ ಬಿಜಾಪುರ ಜಿಲ್ಲೆ, ಆಳ್ವಿಕೆ ಬೊಂಬಾಯಿ ಪ್ರಾಂತ್ಯದ್ದು. ಬಿಸಿಲು, ಧೂಳು, ವರ್ಷ ಬಿಟ್ಟು ವರ್ಷ ಬರ. ಆ ಸೀಮೆಯಲ್ಲಿ ಪೊರೆಗೆ ಮೋತಿಬಿಂದು ಅಂತಾರೆ. ಮೋತಿಬಿಂದು ಬಂದವರು ಕಟ್ಟೆ ಮೇಲೆ ಕೂತು ಬಿಡುತ್ತಿದ್ದರು, ಅಷ್ಟೇ. ವಯಸ್ಸಾಯ್ತು, ಕಣ್ಣು ಹೋಯ್ತು, ದೇವರಿಟ್ಟ ಹಾಗೆ ಆಗಲಿ ಅನ್ನೋ ಲೆಕ್ಕ. ದೊಡ್ಡಾಸ್ಪತ್ರೆ ಬೇಕೆಂದರೆ ಜಿಲ್ಲಾ ಕೇಂದ್ರಕ್ಕೋ ಬೊಂಬಾಯಿಗೋ ಹೋಗಬೇಕು. ಬೆಂಗಳೂರಿನವರಿಗೆ 1896ರಿಂದ ಮಿಂಟೋ ಇತ್ತು. ಬೀಳಗಿಯವರಿಗೆ ಬೆಂಗಳೂರೇ ಬೇರೆ ರಾಜ್ಯ, ಮೈಸೂರು ಮಹಾರಾಜರ ಸೀಮೆ. ಕಣ್ಣು ಕಾಣದ ಮುದುಕಿ ಎತ್ತಿನ ಗಾಡಿ ಹತ್ತಿ, ರೈಲು ಹಿಡಿದು, ವಾರಗಟ್ಟಲೆ ಪರಸ್ಥಳದಲ್ಲಿ ಇರೋದು ಆಗುವ ಮಾತೇ?

ಮೋದಿಯವರು ಕಂಡುಕೊಂಡ ದಾರಿ ಸರಳ. ರೋಗಿ ಆಸ್ಪತ್ರೆಗೆ ಬರೋದಿಲ್ಲ ಅಂದರೆ ಆಸ್ಪತ್ರೆಯೇ ರೋಗಿಯ ಊರಿಗೆ ಹೋಗಬೇಕು. 1943ರಿಂದ ಅವರು ಈ ಸಾಮೂಹಿಕ ಕಣ್ಣಿನ ಆಪರೇಷನ್ನಿಗೆ ಇಳಿದರು. ಆಗ ವಯಸ್ಸು ಇಪ್ಪತ್ತೇಳು. ದೇಶಕ್ಕೆ ಸ್ವಾತಂತ್ರ್ಯ ಬಂದಿಲ್ಲ, ಯುದ್ಧ ನಡೀತಾ ಇದೆ, ಅಕ್ಕಿ ಸಕ್ಕರೆಗೆ ರೇಷನ್ನು. ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಬಂದದ್ದು 1976ರಲ್ಲಿ. ಅಂದರೆ ಸರಕಾರ ಎಚ್ಚರಾಗುವ ಹೊತ್ತಿಗೆ ಈ ಮನುಷ್ಯ ಮೂವತ್ತಮೂರು ವರ್ಷ ದುಡಿದಾಗಿತ್ತು.

ಆ ಕಾಲದ ಕಣ್ಣಿನ ಕ್ಯಾಂಪು ನೋಡದವರಿಗೆ ಒಂದು ಮಾತು. ಮೊದಲು ಸುತ್ತ ಹತ್ತೂರಿಗೆ ಡಂಗುರ. ಊರಿನ ಶಾಲೆ, ಛತ್ರ ಇಲ್ಲವೇ ಮಠದ ಅಂಗಳ ಖಾಲಿ ಮಾಡಿಸೋದು. ಅಡಿಕೆ ವ್ಯಾಪಾರಿಯೋ, ಗಿರಣಿ ಮಾಲೀಕನೋ, ಲಯನ್ಸ್ ಕ್ಲಬ್ಬಿನವರೋ ಊಟದ ಖರ್ಚು ಹೊರೋದು. ಬೆಳಗಿನ ಜಾವದಿಂದಲೇ ಗಾಡಿಗಳು. ಕೋಲು ಹಿಡಿದ ಮುದುಕರು, ಅವರ ಕೈ ಹಿಡಿದ ಮೊಮ್ಮಕ್ಕಳು. ಟಾರ್ಚು ಬಿಟ್ಟು ಕಣ್ಣು ನೋಡಿ, ಪೊರೆ ಹಣ್ಣಾಗಿದ್ದವರನ್ನು ಒಂದು ಸಾಲಿಗೆ, ಉಳಿದವರನ್ನು ಇನ್ನೊಂದು ಸಾಲಿಗೆ ಹಾಕೋದು. ಸಾಲಾಗಿ ಮೇಜು. ಒಂದು ಮೇಜಿನ ರೋಗಿಗೆ ಡಾಕ್ಟ್ರು ಕತ್ತಿ ಇಡುವಾಗ ಪಕ್ಕದ ಮೇಜಿನವರಿಗೆ ಮರಗಟ್ಟುವ ಸೂಜಿ, ಅದರಾಚೆಯವರಿಗೆ ಕಣ್ಣು ತೊಳೆಯುವ ಕೆಲಸ. ಆಪರೇಷನ್ ಮುಗಿದ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ನೆಲದ ಮೇಲೆ ಹುಲ್ಲು ಹಾಸಿ ಮಲಗಿಸುತ್ತಿದ್ದರು. ತಲೆ ಅಲುಗಾಡಬಾರದು, ಕೆಮ್ಮಬಾರದು. ಹೊಲಿಗೆ ಹಾಕುವ ಪದ್ಧತಿ ಎಲ್ಲ ಕಡೆ ಇರಲಿಲ್ಲ. ಕೆಮ್ಮಿದರೆ ಗಾಯ ಬಿಚ್ಚಿಕೊಂಡು ಕಣ್ಣೇ ಹೋಗೋ ಭಯ. ಐದಾರು ದಿನ ಗಂಜಿ ಕುಡಿಸಿ, ಬಟ್ಟೆ ಬಿಚ್ಚಿ, ಹಸಿರು ಬಟ್ಟೆ ಇಳಿಬಿಟ್ಟು ಊರಿಗೆ ಕಳಿಸೋದು.

ಈಗ ಲೆಕ್ಕಕ್ಕೆ ಬರೋಣ, ಯಾಕೆಂದರೆ ಮೋದಿ ಅಂದ ಕೂಡಲೇ ಜನ ಹೇಳೋದು ಲೆಕ್ಕವನ್ನೇ. ಗಿನ್ನೆಸ್ ದಾಖಲೆ ಪುಸ್ತಕ ಕೊಟ್ಟಿರುವ ಅಂಕಿ ಹೀಗಿದೆ. 1993ರ ಫೆಬ್ರವರಿವರೆಗೆ 46,120 ಹಳ್ಳಿಗಳಿಗೆ ಭೇಟಿ. ನೋಡಿದ ರೋಗಿಗಳು 1,21,18,630. ಮಾಡಿದ ಆಪರೇಷನ್ 6,10,564. ಒಂದೇ ದಿನದಲ್ಲಿ ಮಾಡಿದ್ದು 833. ಇದು ತಿರುಪತಿ ಕ್ಯಾಂಪಿನದು ಅನ್ನುತ್ತಾರೆ.

ಈ ಅಂಕಿಗಳನ್ನು ಸುಮ್ಮನೆ ಓದಿ ಮುಂದೆ ಹೋಗಬಾರದು, ಕೈಯಲ್ಲಿ ಹಿಡಿದು ತೂಗಿ ನೋಡಬೇಕು. ನಮ್ಮ ರಾಜ್ಯದ ಹಳ್ಳಿಗಳನ್ನು ಒಟ್ಟು ಎಣಿಸಿದರೂ ಮೂವತ್ತು ಸಾವಿರ ಮುಟ್ಟೋದಿಲ್ಲ. ಇವರು ಹೋದದ್ದು ಅದರ ಒಂದೂವರೆ ಪಟ್ಟು. ಐವತ್ತು ವರ್ಷ, ಭಾನುವಾರ ಹಬ್ಬ ಹುಣ್ಣಿಮೆ ಒಂದೂ ಬಿಡದೆ ದುಡಿದರು ಅಂತ ಇಟ್ಟುಕೊಂಡರೂ ದಿನಕ್ಕೆ ಮೂವತ್ತಮೂರು ಕಣ್ಣು ಬೀಳುತ್ತೆ. 833ರ ಲೆಕ್ಕ ಇನ್ನೂ ಬೆಚ್ಚಿ ಬೀಳಿಸುವಂಥದ್ದು. ಇಪ್ಪತ್ತನಾಲ್ಕು ಗಂಟೆಯೂ ರೆಪ್ಪೆ ಮುಚ್ಚದೆ ನಿಂತರೂ ಒಂದು ಕಣ್ಣಿಗೆ ಎರಡು ನಿಮಿಷ ಸಿಗೋದಿಲ್ಲ. ನಂಬಬೇಕೋ ಬಿಡಬೇಕೋ ಅನ್ನುವವರು ಇದ್ದಾರೆ. ಇಷ್ಟು ಮಾತ್ರ ಹೇಳಬಹುದು: ಅರ್ಧ ಲೆಕ್ಕ ಕಳೆದು ಹಾಕಿದರೂ ಉಳಿಯೋದು ಒಬ್ಬ ಮನುಷ್ಯನ ಆಯುಷ್ಯಕ್ಕೆ ಮೀರಿದ ದುಡಿಮೆಯೇ. ಸರಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಕೊಂಡಾಡುವವರು ಇಲ್ಲಿಗೇ ನಿಲ್ಲಿಸಿ ಹಾರ ಹಾಕುತ್ತಾರೆ. ಹಾರ ಹಾಕಲಿ. ಆದರೆ ಬಟ್ಟೆ ಬಿಚ್ಚಿಕೊಂಡು ಊರಿಗೆ ಹೋದ ಮುದುಕಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ.

ಕಣ್ಣಿನ ಪಾಪೆಯ ಹಿಂದೆ ಒಂದು ಹರಳು ಇರುತ್ತೆ. ಹೊರಗಿನ ಬೆಳಕನ್ನು ಒಂದು ಕಡೆ ಸೇರಿಸಿ ಹಿಂದಿನ ರೆಟಿನಾದ ಮೇಲೆ ಬೀಳಿಸೋದು ಅದರ ಕೆಲಸ. ಆ ಹರಳು ಮಬ್ಬಾದರೆ ಅದೇ ಪೊರೆ. ಪೊರೆ ತೆಗೆಯೋದು ಅಂದರೆ ಏನೋ ಸಿಪ್ಪೆ ಸುಲಿದ ಹಾಗೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಹರಳನ್ನೇ ತೆಗೆಯೋದು. ಆ ಕಾಲದ ಕ್ಯಾಂಪುಗಳ ಪದ್ಧತಿಯಲ್ಲಿ ಹರಳಿನ ಜೊತೆ ಅದನ್ನು ಸುತ್ತಿರುವ ತೆಳು ಚೀಲವನ್ನೂ ಇಡಿಯಾಗಿ ಎಳೆದು ತೆಗೆಯುತ್ತಿದ್ದರು. ಬೇಗ ಆಗುತ್ತಿತ್ತು, ದೊಡ್ಡ ಯಂತ್ರ ಬೇಡ, ಉಳಿದ ಚೀಲ ಮತ್ತೆ ಮಬ್ಬಾಗುವ ಕಾಟವೂ ಇಲ್ಲ. ಆದರೆ ಕಣ್ಣು ಖಾಲಿ. ಹರಳಿಲ್ಲದ ಕಣ್ಣಿಗೆ ಬೆಳಕು ಬರುತ್ತೆ, ಆಕಾರ ಬರೋಲ್ಲ. ಬೆಳಗಾಯ್ತು, ರಾತ್ರಿಯಾಯ್ತು ಅಂತ ಗೊತ್ತಾಗುತ್ತೆ, ಎದುರಿಗೆ ಬಂದವನು ಮಗನೋ ಅಳಿಯನೋ ಗೊತ್ತಾಗೋಲ್ಲ. ಅದಕ್ಕೇ ಕಳೆದುಹೋದ ಹರಳನ್ನು ಮೂಗಿನ ಮೇಲೆ ಕೂರಿಸುತ್ತಿದ್ದರು, ಸುಮಾರು ಪ್ಲಸ್ ಹತ್ತು ನಂಬರಿನ ಗಾಜು. ಅದೇ ಸೋಡಾಬುಡ್ಡಿ.

ಹಾಕಿಕೊಂಡವರಿಗೇ ಅದರ ಪಾಡು ಗೊತ್ತು. ಎಲ್ಲವೂ ಕಾಲು ಭಾಗಕ್ಕಿಂತ ಹೆಚ್ಚು ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣುತ್ತೆ. ಲೋಟಕ್ಕೆ ಕೈ ಚಾಚಿದರೆ ಲೋಟ ಇನ್ನೂ ಆಚೆ. ಮೆಟ್ಟಿಲು ಇಳಿಯೋಕೆ ಕಾಲು ಇಟ್ಟರೆ ಮೆಟ್ಟಿಲು ಇನ್ನೂ ಕೆಳಗೆ. ಗಾಜಿನ ಅಂಚಿನ ಸುತ್ತ ಒಂದು ಉಂಗುರದಷ್ಟು ಜಾಗ ಕಾಣುವುದೇ ಇಲ್ಲ. ಪಕ್ಕದಿಂದ ಬರುವ ಸೈಕಲ್ಲು ಆ ಉಂಗುರದಲ್ಲಿ ಮಾಯವಾಗಿ ಧುತ್ತೆಂದು ಎದುರಿಗೆ ನಿಲ್ಲುತ್ತೆ. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿ ಇನ್ನೊಂದು ಚೆನ್ನಾಗಿದ್ದರೆ ಇನ್ನೂ ಕಷ್ಟ. ಒಂದು ಕಣ್ಣಿನ ಚಿತ್ರ ದೊಡ್ಡದು, ಇನ್ನೊಂದರದು ಚಿಕ್ಕದು, ಎರಡೂ ಕೂಡೋದಿಲ್ಲ, ತಲೆ ಸುತ್ತು. ಇನ್ನು ಕನ್ನಡಕ ಒಡೆದು ಹೋದರೆ? ಮೊಮ್ಮಗ ಎಳೆದು ಬೀಳಿಸಿದರೆ, ಜಾತ್ರೆಯಲ್ಲಿ ಕಳೆದರೆ? ಆಪರೇಷನ್ ಆದ ಮುದುಕಿ ಮತ್ತೆ ಕಟ್ಟೆ ಮೇಲೆ.

ಇದು ಬರೀ ಊಹೆಯ ಮಾತಲ್ಲ. 1986ರಿಂದ 89ರವರೆಗೆ ದೇಶದಲ್ಲಿ ನಡೆದ ಅಂಧತ್ವ ಸಮೀಕ್ಷೆಯಲ್ಲಿ ನೂರು ಜನ ಕುರುಡರಲ್ಲಿ ಎಂಬತ್ತು ಮಂದಿಗೆ ಪೊರೆಯೇ ಕಾರಣ ಅಂತ ಬಂತು. ಅದೇ ಪಟ್ಟಿಯಲ್ಲಿ ಇನ್ನೂ ಸುಮಾರು ಐದು ಮಂದಿ ಇದ್ದರು. ಪೊರೆ ತೆಗೆಸಿಕೊಂಡಾಗಿತ್ತು, ಹರಳಿಲ್ಲ, ಆದರೂ ಕಾಣೋದಿಲ್ಲ. ಕ್ಯಾಂಪಿನ ರಿಜಿಸ್ಟರಿನಲ್ಲಿ ಇವರದು ಯಶಸ್ವಿ ಆಪರೇಷನ್. ಚಪ್ಪರ ಬಿಚ್ಚಿ ಲಾರಿ ಮುಂದಿನ ಊರಿಗೆ ಹೋದ ಮೇಲೆ ಇವರನ್ನು ತಿರುಗಿ ನೋಡುವವರು ಯಾರು? ಎಣಿಕೆಯ ಮೇಲೆ ನಿಂತ ಕೆಲಸಕ್ಕೆ ಇದು ಅಂಟಿಕೊಂಡ ಕುಂದು. ಮೋದಿಯವರೊಬ್ಬರ ತಪ್ಪು ಅಂತ ಹೇಳಿದರೆ ಅನ್ಯಾಯವಾಗುತ್ತೆ, ಆಗ ಇಡೀ ದೇಶದ ಕ್ಯಾಂಪುಗಳ ಕಥೆಯೇ ಇದು. ಬೇರೆ ದಾರಿ ಬಡವರ ಕೈಗೆ ಎಟುಕುತ್ತಿರಲಿಲ್ಲ.

ಬೇರೆ ದಾರಿ ಇರಲೇ ಇಲ್ಲವೆ? ಇತ್ತು, ಲಂಡನ್ನಿನಲ್ಲಿ. ಅದರ ಕಥೆಗೆ ಜಾಲಹಳ್ಳಿಯವರು ಕಿವಿಗೊಡಬೇಕು, ಯಾಕೆಂದರೆ ವಿಮಾನವೂ ವಾಚೂ ಎರಡೂ ಅದರಲ್ಲಿ ಬರುತ್ತೆ. 1940ರ ಆಗಸ್ಟ್‌ನಲ್ಲಿ ಜರ್ಮನಿಯ ವಿಮಾನಗಳ ಜೊತೆ ಕಾದಾಡುವಾಗ ಕ್ಲೀವರ್ ಎಂಬ ಬ್ರಿಟಿಷ್ ಪೈಲಟ್ಟಿನ ವಿಮಾನದ ಮುಚ್ಚಳ ಗುಂಡಿಗೆ ಚೂರಾಗಿ, ಪರ್ಸ್ಪೆಕ್ಸ್ ಪ್ಲಾಸ್ಟಿಕ್ಕಿನ ತುಣುಕುಗಳು ಎರಡೂ ಕಣ್ಣಿಗೆ ಹೊಕ್ಕವು. ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಇಂಥ ಗಾಯಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಒಳಗೆ ಉಳಿದ ತುಣುಕನ್ನು ಕಣ್ಣು ಸಹಿಸಿಕೊಂಡು ಸುಮ್ಮನಿತ್ತು, ಕೆರಳಲಿಲ್ಲ. ಹಾಗಾದರೆ ಅದೇ ವಸ್ತುವಿನಲ್ಲಿ ಹರಳು ಮಾಡಿ ಒಳಗೇ ಕೂರಿಸಿದರೇನು? ಎಚ್‌ಎಂಟಿಯ ಹಳೇ ಕೀ ಕೊಡೋ ವಾಚಿನ ಮುಖದ ಮೇಲಿದ್ದ ಗಾಜು ನಿಜವಾಗಿ ಗಾಜಲ್ಲ, ಅಕ್ರಿಲಿಕ್. ಅದೂ ಈ ಪರ್ಸ್ಪೆಕ್ಸೂ ಒಂದೇ ಮನೆತನ.

1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರಿಡ್ಲಿ ಒಬ್ಬ ಹೆಂಗಸಿನ ಪೊರೆ ತೆಗೆದರು. ಹೊಸ ಹರಳನ್ನು ಕಣ್ಣಿನಲ್ಲಿ ಕಾಯಂ ಆಗಿ ಬಿಟ್ಟದ್ದು 1950ರ ಫೆಬ್ರವರಿ 8ರಂದು. ಅಂದರೆ ಹರಳಿಲ್ಲದ ಕಣ್ಣಿಗೆ ಆಮೇಲೆ, ಎರಡನೇ ಆಪರೇಷನ್ನಿನಲ್ಲಿ ಲೆನ್ಸ್ ಹಾಕುವುದು ಇವತ್ತಿನ ಹೊಸ ಸಾಹಸ ಏನಲ್ಲ, ಈ ವಿದ್ಯೆ ಹುಟ್ಟಿದ್ದೇ ಹಾಗೆ. ಪವರ್ ಲೆಕ್ಕ ತಪ್ಪಿ ಆ ಹೆಂಗಸಿಗೆ ದೂರದ್ದು ಕಾಣಲು ಮೈನಸ್ ಕನ್ನಡಕ ಬೇಕಾಯಿತು, ಅದು ಬೇರೆ. ದೊಡ್ಡ ದೊಡ್ಡ ಪಂಡಿತರು ರಿಡ್ಲಿ ಮೇಲೆ ಹರಿಹಾಯ್ದರು. ಕಣ್ಣಿನಿಂದ ತೆಗೆಯೋದು ವೈದ್ಯನ ಕೆಲಸ, ತುರುಕೋದಲ್ಲ ಅನ್ನೋ ವಾದ. ಮೂವತ್ತು ವರ್ಷ ಹಿಡಿಯಿತು ಜಗತ್ತು ಒಪ್ಪೋಕೆ. ಕ್ಲೀವರ್ ಕಣ್ಣಿಗೇ 1987ರಲ್ಲಿ ಅಂಥ ಲೆನ್ಸ್ ಬಿತ್ತು. ರಿಡ್ಲಿಗೆ ಸರ್ ಪದವಿ ಬಂದದ್ದು 2000ದಲ್ಲಿ, ತೀರಿಕೊಂಡದ್ದು ಮರುವರ್ಷ.

ಇತ್ತ ನಮ್ಮಲ್ಲಿ ಅಮೃತಸರದ ಡಾಕ್ಟರ್ ದಲ್ಜೀತ್ ಸಿಂಗ್ 1970ರ ದಶಕದಲ್ಲೇ ಲೆನ್ಸ್ ಹಾಕೋಕೆ ಶುರು ಮಾಡಿದ್ದರು. ಆದರೆ ಆಮದು ಲೆನ್ಸಿನ ಬೆಲೆ ಸಾವಿರಾರು ರೂಪಾಯಿ. ಕ್ಯಾಂಪಿಗೆ ಬರುವ ಕೂಲಿ ಮುದುಕನಿಗೆ ಅದು ಎರಡು ಎತ್ತಿನ ಕ್ರಯ. ಮಧುರೈನಲ್ಲಿ ಅರವಿಂದ ಕಣ್ಣಾಸ್ಪತ್ರೆಯವರು 1992ರಲ್ಲಿ ಅರೋಲ್ಯಾಬ್ ಕಟ್ಟಿ ಇಲ್ಲೇ ಲೆನ್ಸ್ ತಯಾರಿಸಿದ ಮೇಲೆ ಬೆಲೆ ನೂರರ ಲೆಕ್ಕಕ್ಕೆ ಇಳಿಯಿತು. ಅಲ್ಲಿಂದ ಆಟವೇ ಬದಲು. ಚೀಲ ಉಳಿಸಿಕೊಂಡು ಹರಳು ಮಾತ್ರ ತೆಗೆಯೋದು, ಅದೇ ಚೀಲದಲ್ಲಿ ಹೊಸ ಲೆನ್ಸ್ ಕೂರಿಸೋದು. ಚಪ್ಪರದ ಕೆಳಗೆ, ಶಾಲೆಯ ಬೆಂಚಿನ ಮೇಲೆ ಕಣ್ಣು ಕೊಯ್ಯುವುದಕ್ಕೆ ಸರಕಾರವೂ ಬೇಡ ಅಂದಿತು. ರೋಗಿಗಳನ್ನು ಹಳ್ಳಿಯಲ್ಲಿ ಆರಿಸಿ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆತರುವ ಪದ್ಧತಿ ಬಂತು. ಮೋದಿಯವರು ಐವತ್ತು ವರ್ಷ ಕಟ್ಟಿದ ಕ್ಯಾಂಪು ಅವರ ಕಣ್ಣೆದುರೇ ಹಳೇ ಕಾಲದ್ದಾಯಿತು.

ಅವರೇನು ಕಾಲದ ಹಿಂದೆ ಉಳಿದವರಲ್ಲ. 1980ರಲ್ಲೇ ಬೆಂಗಳೂರಿನ ಕಾರ್ಡ್ ರೋಡಿನಲ್ಲಿ ಧರ್ಮಾರ್ಥ ಕಣ್ಣಾಸ್ಪತ್ರೆ ನಿಲ್ಲಿಸಿದರು. ಯಶವಂತಪುರ, ಪೀಣ್ಯ, ಜಾಲಹಳ್ಳಿಯ ಕಾರ್ಖಾನೆ ಜನಕ್ಕೆ ಮಿಂಟೋ ತನಕ ಹೋಗುವ ಗೋಳು ತಪ್ಪಿತು. ಮೊದಲ ಪಾಳಿ ಮುಗಿಸಿ ಬಂದ ಮಗ ಅವ್ವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ತೋರಿಸುವಷ್ಟು ಹತ್ತಿರ.

ಇಲ್ಲಿ ಎಲ್ಲರೂ ಮರೆತ ಒಂದು ಗುಂಪು ಉಳಿದಿದೆ. ಅದು ಹಳೇ ಪದ್ಧತಿಯಲ್ಲಿ ಆಪರೇಷನ್ ಆಗಿ ಖಾಲಿ ಕಣ್ಣಿನಲ್ಲೇ ಬದುಕುತ್ತಿರುವವರದು. ವಯಸ್ಸಾದವರಷ್ಟೇ ಅಲ್ಲ. ಹುಟ್ಟಿನಿಂದ ಪೊರೆ ಇದ್ದು ಕೂಸಿದ್ದಾಗಲೇ ತೆಗೆಸಿಕೊಂಡವರು, ಚಿನ್ನಿದಾಂಡು ಪಟಾಕಿ ತಗುಲಿ ಹರಳು ಕಳಕೊಂಡವರು, ಆಪರೇಷನ್ ಹೊತ್ತಿಗೆ ಚೀಲ ಹರಿದು ಲೆನ್ಸ್ ಹಾಕೋಕಾಗದೆ ಉಳಿದವರು. ಇಂಥವರಿಗೆ ಈಗ ಲೆನ್ಸ್ ಹಾಕಬಹುದೇ? ಹಾಕಬಹುದು, ಎಲ್ಲರಿಗೂ ಅಲ್ಲ.

ತೊಡಕು ಇರೋದು ಆ ಚೀಲದಲ್ಲೇ. ಚೀಲ ಒಂದಿಷ್ಟಾದರೂ ಉಳಿದಿದ್ದರೆ ಅದರ ಮೇಲೆ ಲೆನ್ಸ್ ಕೂರಿಸೋದು ಸುಲಭ. ಇಡಿಯಾಗಿ ತೆಗೆದಿದ್ದರೆ ದೀಪ ತಂದವನಿಗೆ ಗೂಡೇ ಇಲ್ಲದ ಮನೆ. ಆಗ ಮೂರು ದಾರಿ. ಪಾಪೆಯ ಬಣ್ಣದ ಪರದೆಯ ಮುಂದೆ ಲೆನ್ಸ್ ನಿಲ್ಲಿಸೋದು ಒಂದು. ಆ ಪರದೆಗೇ ಏಡಿಯ ಕೊಂಡಿಯ ಹಾಗೆ ಕಚ್ಚಿಸೋದು ಇನ್ನೊಂದು. ಇದು ಹಾಲೆಂಡಿನ ಡಾಕ್ಟರ್ ವರ್ಸ್ಟ್ ಹುಡುಕಿದ್ದು. ಮೂರನೆಯದು ಲೆನ್ಸಿನ ಕಾಲುಗಳನ್ನು ಬಿಳಿಗುಡ್ಡೆಯ ಗೋಡೆಗೆ ಹೊಲಿಯೋದು. ಹೊಲಿಗೆ ಬಿಟ್ಟು ಅಂಟಿನಿಂದ ಕೂರಿಸುವ ಉಪಾಯವನ್ನು ಚೆನ್ನೈನ ಡಾಕ್ಟರ್ ಅಮರ್ ಅಗರ್ವಾಲ್ 2007ರಲ್ಲಿ ತೋರಿಸಿದರು. ಯಾವುದೂ ಹುಡುಗಾಟದ ಕೆಲಸ ಅಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರದ ಜೀವಕೋಶ ಮೊದಲೇ ಸವೆದಿದ್ದರೆ ಮುಂದೆ ಕೂರಿಸಿದ ಲೆನ್ಸು ಅದನ್ನು ಇನ್ನೂ ಕೆಡಿಸಿ ಕಣ್ಣು ಮಂಜಾಗಿಸುತ್ತೆ. ಒತ್ತಡ ಏರಬಹುದು, ರೆಟಿನಾ ಊದಬಹುದು, ಕಳಚಿಕೊಳ್ಳಲೂಬಹುದು. ಅದಕ್ಕೇ ಒಳ್ಳೆ ಡಾಕ್ಟ್ರು ಮೊದಲು ಜೀವಕೋಶ ಎಣಿಸುತ್ತಾರೆ, ಒತ್ತಡ ಅಳೆಯುತ್ತಾರೆ, ರೆಟಿನಾ ನೋಡುತ್ತಾರೆ. ಕನ್ನಡಕದಲ್ಲಿ ಚೆನ್ನಾಗಿ ಕಾಣುವ ತೊಂಬತ್ತರ ಅಜ್ಜಿಗೆ ಬೇಡಮ್ಮಾ, ಹೀಗೇ ಇರಲಿ ಅಂತ ಕಳಿಸೋದೂ ಉಂಟು. ಒಂದೇ ಕಣ್ಣು ಖಾಲಿ ಇರುವ ಮೂವತ್ತರ ಯುವಕನಿಗೆ ಮಾತ್ರ ಈ ಎರಡನೇ ಆಪರೇಷನ್ನು ಡ್ರೈವಿಂಗ್ ಲೈಸೆನ್ಸು, ಲೇತ್ ಮೇಲಿನ ಕೆಲಸ, ಮದುವೆ ಮಾತು ಎಲ್ಲವೂ ಆಗಬಹುದು.

ಮೋದಿಯವರು 2005ರ ನವೆಂಬರ್ 11ರಂದು ತೀರಿಕೊಂಡರು. ವಯಸ್ಸು ತೊಂಬತ್ತರ ಹತ್ತಿರ. ಅವರು ಕತ್ತಿ ಹಿಡಿಯಲು ಶುರು ಮಾಡಿದಾಗ ಹರಳು ತೆಗೆಯೋದೇ ದೊಡ್ಡ ವಿದ್ಯೆ. ಅವರು ಹೋಗುವ ಹೊತ್ತಿಗೆ ಬೀದಿಯಲ್ಲಿ ಇಬ್ಬರು ಮುದುಕರು ಎದುರಾದರೆ ಕೇಳುವ ಮೊದಲ ಪ್ರಶ್ನೆ ಲೆನ್ಸ್ ಹಾಕಿಸಿಕೊಂಡಿರಾ ಅನ್ನೋದೇ ಆಗಿತ್ತು. ವಾಚ್ ಫ್ಯಾಕ್ಟರಿಗೂ 2016ರಲ್ಲಿ ಬೀಗದ ಮಾತು ಬಂತು. ಅಲ್ಲಿ ದುಡಿದು ನಿವೃತ್ತರಾದವರ ಕಣ್ಣಿನಲ್ಲಿ ಈಗ ಆ ಅಕ್ರಿಲಿಕ್ಕಿನ ಬಳಗದ್ದೇ ಹರಳು ಕೂತಿದೆ.

ಅವರ ಅವ್ವಂದಿರ ಸೋಡಾಬುಡ್ಡಿ ಮಾತ್ರ ಅಂಗಡಿಗಳಿಂದ ಮಾಯವಾಗುತ್ತಿದೆ. ಪ್ಲಸ್ ಹತ್ತರ ಗಾಜು ಕೇಳಿದರೆ ಕನ್ನಡಕದಂಗಡಿ ಹುಡುಗ ಮುಖ ನೋಡ್ತಾನೆ. ಸ್ಟಾಕ್ ಇರೋಲ್ಲ, ಆರ್ಡರ್ ಕೊಡಬೇಕು, ಬರೋಕೆ ದಿನ ಹಿಡಿಯುತ್ತೆ. ಮನೆಯಲ್ಲಿ ಅಂಥ ಹಿರಿಯರು ಇದ್ದರೆ ಇವತ್ತೇ ಎರಡನೇ ಜೊತೆ ಮಾಡಿಸಿ ಇಡಿ. ಒಡೆದ ದಿನದಿಂದ ಹೊಸದು ಬರುವ ತನಕ ಆ ಜೀವ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕು.